ಲಿನಕ್ಸ್‌ನಲ್ಲಿ 4ಜಿ ಕಾರ್ಡ್ ಕನೆಕ್ಟ್ ಆಗಿದೆ, ಆದರೆ ಪಿಂಗ್ ಹೋಗುತ್ತಿಲ್ಲ. ಯಾವ ಡ್ರೈವರ್ ಹಾಕಲಿ?

ಯಾವುದನ್ನೂ ಹಾಕಬೇಡಿ. ದಯವಿಟ್ಟು.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಇಸಿ25 ಅನ್ನುವ 4ಜಿ ಕಾರ್ಡು, ಡೆಬಿಯನ್ ಅನ್ನುವ ಲಿನಕ್ಸ್. ಡೇಟಾ ಹೋಗಿಬರುವ ಡಬ್ಲ್ಯುವ್ಯಾನ್0 ಇಂಟರ್‌ಫೇಸ್ ಕಾಣಿಸುತ್ತದೆ, ಮೋಡೆಮ್ ಕನೆಕ್ಟ್ ಆಗಿದೆ ಅನ್ನುತ್ತದೆ, ಆದರೆ ಪಿಂಗ್ (ಆಚೆ ಕಡೆ ತಲುಪುತ್ತಾ ಅಂತ ನೋಡುವ ಪರೀಕ್ಷೆ) ಕೊಟ್ಟರೆ ಒಂದು ಪ್ಯಾಕೆಟ್ಟೂ (ಡೇಟಾದ ತುಣುಕು) ವಾಪಸ್ ಬರುತ್ತಿಲ್ಲ. ಗಿಟ್‌ಹಬ್‌ನಲ್ಲಿ ಸಿಕ್ಕ ಗೋಬಿನೆಟ್ ಅನ್ನುವ ಹೊರಗಿನ ಡ್ರೈವರ್ ಹಾಕಲೋ, ಹಳೇ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಹೋಗಲೋ ಅಂತ ಕೇಳಿದ್ದೀರಿ. 2019ರಲ್ಲಿ ನನಗೂ ಅಕ್ಷರಶಃ ಇದೇ ಆಗಿತ್ತು. ನಾನು ಡ್ರೈವರ್ ಹಾಕಿದೆ.

ಸಿದ್ದಾಪುರ ತಾಲ್ಲೂಕಿನಲ್ಲಿ ಒಂದು ಸಹಕಾರ ಸಂಘದ ಸಣ್ಣ ಶಾಖೆ. ಅಡಿಕೆ ತಂದವರ ಲೆಕ್ಕ, ಸಾಲದ ಲೆಕ್ಕ ಎಲ್ಲ ಮುಖ್ಯ ಕಚೇರಿಯ ಸರ್ವರ್‌ನಲ್ಲಿ ಇರುತ್ತಿತ್ತು. ಮಳೆಗಾಲ ಬಂತೆಂದರೆ ಮರ ಬಿದ್ದು ಫೋನಿನ ತಂತಿ ಕಡಿದುಹೋಗುವುದು ಅಲ್ಲಿ ಮಾಮೂಲು. ಅದಕ್ಕೇ 4ಜಿ ಬೇಕು ಅಂದರು. ನಾನು ಬೆಂಗಳೂರಿನಲ್ಲಿ ಕೂತು ಎಪಿಯು2 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡ್ ಒಂದಕ್ಕೆ ಡೆಬಿಯನ್ 10 ಹಾಕಿ, ಮಿನಿ ಪಿಸಿಐಇ ಸ್ಲಾಟ್‌ನಲ್ಲಿ ಇಸಿ25 ಕೂರಿಸಿದೆ. ಸ್ಲಾಟಿನ ಹೆಸರು ನೋಡಿ, ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್‌ನಲ್ಲಿ ಹುಡುಕಬೇಡಿ. ಈ ಕಾರ್ಡು ಮಾತಾಡುವುದು ಯುಎಸ್‌ಬಿ ತಂತಿಗಳಲ್ಲೇ. ಯುಎಸ್‌ಬಿ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿಯಲ್ಲಿ 2ಸಿ7ಸಿ:0125 ಅಂತ ಕಾಣಿಸುತ್ತದೆ.

ಅದರಲ್ಲಿ ಐದು ಇಂಟರ್‌ಫೇಸ್ ಇರುತ್ತವೆ. ಮೊದಲ ನಾಲ್ಕನ್ನು ಆಪ್ಷನ್ ಅನ್ನುವ ಡ್ರೈವರ್ ಹಿಡಿದು ಟಿಟಿವೈಯುಎಸ್‌ಬಿ0ಯಿಂದ 3ರವರೆಗೆ ನಾಲ್ಕು ಸೀರಿಯಲ್ ಪೋರ್ಟ್ ಮಾಡಿಕೊಡುತ್ತದೆ. ಮೋಡೆಮ್‌ಗೆ ಆದೇಶ ಕೊಡುವ ಎಟಿ ಕಮಾಂಡ್ ಹೋಗುವುದು ಟಿಟಿವೈಯುಎಸ್‌ಬಿ2ಕ್ಕೆ. ಐದನೆಯದು ಡೇಟಾಗೆ. ಅದನ್ನು ಕ್ಯುಎಂಐ ಡಬ್ಲ್ಯುವ್ಯಾನ್ ಡ್ರೈವರ್ ಹಿಡಿಯುತ್ತದೆ. ಇವೆರಡೂ ಕರ್ನಲ್ ಜೊತೆಗೇ ಬರುತ್ತವೆ. ನಿಮಗೆ ಡಬ್ಲ್ಯುವ್ಯಾನ್0 ಕಾಣಿಸುತ್ತಿದೆ ಅಂದ ಮೇಲೆ ಡ್ರೈವರ್ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ, ಅಲ್ವಾ? ಆಗ ನನಗೆ ಇದು ಹೊಳೆಯಲಿಲ್ಲ.

ಆ ಹೊತ್ತಿಗಾಗಲೇ ಒಂದು ತಪ್ಪು ಮಾಡಿಕೊಂಡಿದ್ದೆ. ಮೋಡೆಮ್ ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಬರೀ ಕಾಟ ಅಂತ ಎಲ್ಲೋ ಓದಿ, ಅದನ್ನು ಕಿತ್ತುಹಾಕಿ, ಮೋಡೆಮ್‌ಗೆ ನೇರ ಆದೇಶ ಕೊಡುವ ಕ್ಯುಎಂಐಸಿಎಲ್‌ಐ ಕಮಾಂಡ್‌ನಲ್ಲಿ ಸ್ವಂತ ಸ್ಕ್ರಿಪ್ಟ್ ಬರೆದೆ. ಎಪಿಎನ್ (ಮೊಬೈಲ್ ಕಂಪನಿಯ ಡೇಟಾ ದ್ವಾರದ ಹೆಸರು) ಕೊಟ್ಟೆ, ಕನೆಕ್ಟ್ ಆಯಿತು, ಐಪಿ ವಿಳಾಸವೂ ಬಂತು. ಪಿಂಗ್ ಮಾತ್ರ ಇಲ್ಲ. ಹೊರಗೆ ಹೋದ ಪ್ಯಾಕೆಟ್‌ಗಳ ಲೆಕ್ಕ ಏರುತ್ತಿತ್ತು, ಒಳಗೆ ಬಂದದ್ದು ಸೊನ್ನೆ. ಎರಡು ರಾತ್ರಿ ಆ ಸೊನ್ನೆಯನ್ನೇ ನೋಡುತ್ತಾ ಕೂತೆ. ಮೂರನೇ ದಿನ ಗೋಬಿನೆಟ್ ಸೋರ್ಸ್ ತಂದು ಮೇಕ್ ಇನ್‌ಸ್ಟಾಲ್ ಕೊಟ್ಟೆ. ಎರಡು ಡ್ರೈವರ್ ಒಂದೇ ಇಂಟರ್‌ಫೇಸಿಗೆ ಕಿತ್ತಾಡಬಾರದು ಅಂತ ಕ್ಯುಎಂಐ ಡಬ್ಲ್ಯುವ್ಯಾನ್ ಅನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದೆ, ಅಂದರೆ ಅದು ಲೋಡ್ ಆಗದ ಹಾಗೆ ತಡೆದೆ. ರೀಬೂಟ್. ಪಿಂಗ್ ಬಂತು! ಪೆಟ್ಟಿಗೆಯನ್ನು ಪ್ಯಾಕ್ ಮಾಡಿ ಬಸ್ಸಿಗೆ ಹಾಕಿದೆ. ಶಾಖೆಯವರು ಪ್ಲಗ್ ಚುಚ್ಚಿದರು, ನಡೆಯಿತು.

ಈಗ ಆ ಬ್ಲ್ಯಾಕ್‌ಲಿಸ್ಟ್ ವಿಷಯ. ಇದನ್ನು ನಿಧಾನವಾಗಿ ಹೇಳುತ್ತೇನೆ. ನನಗೆ ದುಬಾರಿಯಾದದ್ದು ಇದೇ.

ಕರ್ನಲ್‌ನ ಮಾಡ್ಯೂಲ್‌ಗಳು, ಅಂದರೆ ಡ್ರೈವರ್ ಫೈಲ್‌ಗಳು, ಲಿಬ್ ಮಾಡ್ಯೂಲ್ಸ್ ಫೋಲ್ಡರ್‌ನ ಒಳಗೆ ಇರುತ್ತವೆ. ಅಲ್ಲಿ ಒಂದೊಂದು ಕರ್ನಲ್ ಆವೃತ್ತಿಗೂ ಒಂದೊಂದು ಒಳ ಫೋಲ್ಡರ್. ನನ್ನದು 4.19.0-5. ನಾನು ಕಂಪೈಲ್ ಮಾಡಿದ ಗೋಬಿನೆಟ್ ಹೋಗಿ ಕೂತದ್ದು ಆ ಒಂದು ಫೋಲ್ಡರ್‌ನಲ್ಲಿ ಮಾತ್ರ. ಆದರೆ ಬ್ಲ್ಯಾಕ್‌ಲಿಸ್ಟ್ ಸಾಲು ಬರೆದದ್ದು ಇಟಿಸಿ ಕೆಳಗಿನ ಮೋಡ್‌ಪ್ರೋಬ್ ಫೋಲ್ಡರ್‌ನಲ್ಲಿ. ಅದಕ್ಕೂ ಆವೃತ್ತಿಗೂ ಸಂಬಂಧವೇ ಇಲ್ಲ. ಯಾವ ಕರ್ನಲ್ ಎದ್ದರೂ ಆ ಸಾಲನ್ನು ಓದುತ್ತದೆ. ಅಂದರೆ ನಾನು ಹಾಕಿದ ಡ್ರೈವರ್ ಒಂದು ಕರ್ನಲ್‌ಗೆ, ತಡೆದ ಡ್ರೈವರ್ ಎಲ್ಲ ಕರ್ನಲ್‌ಗೂ. ಇನ್ನೊಮ್ಮೆ ಓದಿ. ಇದು ಗೊತ್ತಿದ್ದರೆ ನಾನು ಆ ರಾತ್ರಿ ಬಸ್ಸು ಹತ್ತುತ್ತಿರಲಿಲ್ಲ.

ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಆಗಲಿ ಅಂತ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಇಟ್ಟಿದ್ದೆ. ಬೇಕಾದರೆ ಬೆಳಗಿನ ಜಾವ 2 ಗಂಟೆಗೆ ತಾನೇ ರೀಬೂಟ್ ಆಗಲಿ ಅಂತಲೂ ಬರೆದಿದ್ದೆ. ಸೆಪ್ಟೆಂಬರ್‌ನಲ್ಲಿ 4.19.0-6 ಬಂತು. ಪೆಟ್ಟಿಗೆ ಅದನ್ನು ಹಾಕಿಕೊಂಡು ರೀಬೂಟ್ ಆಯಿತು. ಹೊಸ ಫೋಲ್ಡರ್‌ನಲ್ಲಿ ಗೋಬಿನೆಟ್ ಇಲ್ಲ. ಕ್ಯುಎಂಐ ಡಬ್ಲ್ಯುವ್ಯಾನ್ ಇದೆ, ಆದರೆ ಅದಕ್ಕೆ ತಡೆ. ಡೇಟಾ ಇಂಟರ್‌ಫೇಸನ್ನು ಹಿಡಿಯುವವರೇ ಇಲ್ಲ. ಆ ಪೆಟ್ಟಿಗೆಗೆ ನಾನು ಒಳಗೆ ಹೋಗಲು ಇದ್ದದ್ದು ಅದೇ 4ಜಿ ಮೇಲಿನ ಎಸ್‌ಎಸ್‌ಎಚ್ ಟನಲ್ ಒಂದೇ ದಾರಿ.

ಬೆಳಿಗ್ಗೆ ಶಾಖೆಯ ಕಾರ್ಯದರ್ಶಿಯವರ ಫೋನ್. "ಲೈಟು ಹತ್ತಿದೆ ಮಾರಾಯಾ, ಆದ್ರೆ ಎಂತೂ ಬರೂದಿಲ್ಲ. ಇವತ್ತು ಜನ ಇದ್ದಾರೆ." ಆಫ್ ಮಾಡಿ ಆನ್ ಮಾಡಿಸಿದೆ. ಎರಡು ಸಲ. ಸಿಮ್ ತೆಗೆಸಿ ಹಾಕಿಸಿದೆ. ಎಪಿಯು2ಗೆ ಮಾನಿಟರ್ ಹಾಕುವ ಪೋರ್ಟೇ ಇಲ್ಲ, ಕೇಬಲ್ ಹಾಕಿ ಲ್ಯಾಪ್‌ಟಾಪಿನಿಂದ ನೋಡುವ ಸೀರಿಯಲ್ ಕನ್ಸೋಲ್ ಒಂದೇ. ಪರದೆಯಲ್ಲಿ ಏನಿದೆ ಓದಿ ಹೇಳಿ ಅನ್ನುವ ಹಾಗೂ ಇಲ್ಲ. ಅವತ್ತು ಅವರು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಲೆಕ್ಕ ಬರೆದರು. ನಾನು ಲ್ಯಾಪ್‌ಟಾಪು, ನಲ್ ಮೋಡೆಮ್ ಕೇಬಲ್ ಹಿಡಿದು ರಾತ್ರಿ ಬಸ್ಸು ಹತ್ತಿದೆ.

ಮರುದಿನ ಹೋದಾಗಲೂ ಮಳೆ. ಕಾರ್ಯದರ್ಶಿಯವರು ಬೈಯಲಿಲ್ಲ. "ಮೊದಲು ಆಸರಿಗೆ ಕುಡಿ, ಆಮೇಲೆ ಪೆಟ್ಟಿಗೆ" ಅಂದರು. ನನಗೆ ಬೈಗುಳಕ್ಕಿಂತ ಅದೇ ಜಾಸ್ತಿ ತಾಗಿತು.

115200 ವೇಗದಲ್ಲಿ ಕನ್ಸೋಲ್ ಹಿಡಿದೆ. ಕರ್ನಲ್ ಆವೃತ್ತಿ ಹೇಳುವ ಯುನೇಮ್ 4.19.0-6 ಅಂತು. ಎಲ್‌ಎಸ್‌ಯುಎಸ್‌ಬಿಗೆ ಮೈನಸ್ ಟಿ ಕೊಟ್ಟು ನೋಡಿದರೆ ಮೊದಲ ನಾಲ್ಕು ಸಾಲಿನ ಕೊನೆಗೆ ಡ್ರೈವರ್ = ಆಪ್ಷನ್ ಅಂತಿದೆ. ಐದನೇ ಸಾಲಿನಲ್ಲಿ ಡ್ರೈವರ್ = ಅಂತಿದೆ, ಮುಂದೆ ಖಾಲಿ. ಆ ಖಾಲಿ ಜಾಗ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ನೀವು ಈ ಒಂದು ಕಮಾಂಡ್ ನೆನಪಿಟ್ಟುಕೊಳ್ಳಿ. ಡ್ರೈವರ್ ತೊಂದರೆಯೋ ಬೇರೆ ತೊಂದರೆಯೋ ಅನ್ನುವುದು ಆ ಸಾಲಿನಲ್ಲೇ ತೀರ್ಮಾನ ಆಗುತ್ತದೆ. ಖಾಲಿ ಅಥವಾ [none] ಇದ್ದರೆ ಡ್ರೈವರ್ ತೊಂದರೆ. ಹೆಸರಿದ್ದರೆ ಡ್ರೈವರ್ ಬಿಟ್ಟು ಬೇರೆ ಕಡೆ ನೋಡಿ.

ಬ್ಲ್ಯಾಕ್‌ಲಿಸ್ಟ್ ಸಾಲು ಅಳಿಸಿ ಕ್ಯುಎಂಐ ಡಬ್ಲ್ಯುವ್ಯಾನ್ ಲೋಡ್ ಮಾಡಿದೆ. ಡಬ್ಲ್ಯುವ್ಯಾನ್0 ಬಂತು, ಜೊತೆಗೆ ಹಳೇ ರೋಗವೂ ಬಂತು. ಕನೆಕ್ಟೆಡ್, ಪಿಂಗ್ ಇಲ್ಲ. ಈ ಸಲ ಓಡಿಹೋಗಲು ದಾರಿ ಇರಲಿಲ್ಲ. ಫೋನಿನ ಹಾಟ್‌ಸ್ಪಾಟ್ ಇಟ್ಟುಕೊಂಡು ಕೂತು ಓದಿದೆ. ಒಂದು ಗಂಟೆಯಲ್ಲಿ ಕಾರಣ ಸಿಕ್ಕಿತು. ನಿಮ್ಮದೂ ಇದೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಳೇ ಕಾಲದ ಕಾರ್ಡುಗಳು ಪ್ರತಿ ಐಪಿ ಪ್ಯಾಕೆಟ್‌ನ ಮುಂದೆ 14 ಬೈಟಿನ ಈಥರ್ನೆಟ್ ಹೆಡರ್ ಅಂಟಿಸಿ ಕೊಡುತ್ತಿದ್ದವು. ಡ್ರೈವರ್ ಈಗಲೂ ಮೊದಲಿಗೆ ಅದನ್ನೇ ನಿರೀಕ್ಷಿಸುತ್ತದೆ. ಇಸಿ25 ತರಹದ ಎಲ್‌ಟಿಇ ಕಾರ್ಡುಗಳು ಹೆಡರ್ ಹಾಕುವುದಿಲ್ಲ, ಬರೀ ಐಪಿ ಪ್ಯಾಕೆಟ್ ಕೊಡುತ್ತವೆ. ಅದಕ್ಕೆ ರಾ ಐಪಿ ಅಂತ ಹೆಸರು. ಅಂಚೆ ಕಾರ್ಡನ್ನು ಇನ್‌ಲ್ಯಾಂಡ್ ಲೆಟರ್ ಅಂದುಕೊಂಡು ಅಂಚು ಹರಿದರೆ ಏನಾಗುತ್ತದೆ? ಬರೆದ ಅಕ್ಷರವೇ ಹರಿದುಹೋಗುತ್ತದೆ. ಇಲ್ಲೂ ಅಷ್ಟೇ. ಕಾರ್ಡೂ ಸರಿ, ಡ್ರೈವರ್ರೂ ಸರಿ. ಇಬ್ಬರ ನಡುವೆ ಒಪ್ಪಂದ ಆಗಿಲ್ಲ. ಕರ್ನಲ್ 4.5ರಿಂದಲೇ ಇದಕ್ಕೊಂದು ಸ್ವಿಚ್ ಇದೆ. ಗೋಬಿನೆಟ್ ಈ ಹೊಂದಾಣಿಕೆಯನ್ನು ತಾನೇ ಒಳಗೆ ಮಾಡಿಕೊಳ್ಳುತ್ತಿತ್ತು, ಅದಕ್ಕೇ ನನಗೆ ಅದು ಮದ್ದಿನ ಹಾಗೆ ಕಂಡಿತ್ತು.

ನೀವು ಮಾಡಬೇಕಾದ್ದು ಇಷ್ಟು. ಮೊದಲು ಕ್ಯುಎಂಐಸಿಎಲ್‌ಐಯಲ್ಲಿ ಡಬ್ಲ್ಯುಡಿಎ ಗೆಟ್ ಡೇಟಾ ಫಾರ್ಮ್ಯಾಟ್ ಕೊಡಿ. ಕಾರ್ಡು ಏನು ಮಾತಾಡುತ್ತಿದೆ ಅಂತ ಹೇಳುತ್ತದೆ. ಆಮೇಲೆ ಗೆಟ್ ಎಕ್ಸ್‌ಪೆಕ್ಟೆಡ್ ಡೇಟಾ ಫಾರ್ಮ್ಯಾಟ್ ಕೊಡಿ. ಕರ್ನಲ್ ಏನು ನಿರೀಕ್ಷಿಸುತ್ತಿದೆ ಅಂತ ಹೇಳುತ್ತದೆ. ಒಂದು ರಾ ಐಪಿ, ಇನ್ನೊಂದು 802.3 (ಅಂದರೆ ಈಥರ್ನೆಟ್) ಅಂತ ಬಂದರೆ ಕಳ್ಳ ಸಿಕ್ಕಿಬಿದ್ದ. ಡಬ್ಲ್ಯುವ್ಯಾನ್0 ಅನ್ನು ಡೌನ್ ಮಾಡಿ. ಸಿಸ್, ಕ್ಲಾಸ್, ನೆಟ್, ಡಬ್ಲ್ಯುವ್ಯಾನ್0, ಕ್ಯುಎಂಐ, ಹೀಗೆ ಒಳಗೊಳಗೆ ಹೋದರೆ ರಾ ಐಪಿ ಅನ್ನುವ ಫೈಲ್ ಇದೆ. ಅದಕ್ಕೆ ದೊಡ್ಡಕ್ಷರದ ವೈ ಬರೆಯಿರಿ, ಮತ್ತೆ ಅಪ್ ಮಾಡಿ. ಡೌನ್ ಮಾಡದೆ ಬರೆಯಲು ಹೋದರೆ ಕರ್ನಲ್ ಒಪ್ಪುವುದಿಲ್ಲ. ಐಪಿ ಲಿಂಕ್‌ನಲ್ಲಿ ಲಿಂಕ್ ಈಥರ್ ಇದ್ದ ಕಡೆ ಲಿಂಕ್ ನನ್ ಅಂತ ಬಂದರೆ ಬದಲಾಗಿದೆ ಅಂತ ಅರ್ಥ. ಆಮೇಲೆ ಐಪಿ ವಿಳಾಸ ಕೇಳಿ ತರುವ ಹಳೇ ಡಿಎಚ್‌ಕ್ಲೈಂಟ್ ಓಡಿಸಬೇಡಿ, ಮ್ಯಾಕ್ ವಿಳಾಸ ಇಲ್ಲದ ಕಡೆ ಅದು ನಡೆಯುವುದಿಲ್ಲ. ಮೋಡೆಮ್ ಕೊಟ್ಟ ವಿಳಾಸವನ್ನೇ ಕೈಯಿಂದ ಹಾಕಿ.

ಇದೆಲ್ಲ ಕಾಯಿಲೆ ಗೊತ್ತುಮಾಡಲು ಮಾತ್ರ. ದಿನಬಳಕೆಗೆ ಮೋಡೆಮ್‌ಮ್ಯಾನೇಜರ್ ಮತ್ತು ನೆಟ್‌ವರ್ಕ್‌ಮ್ಯಾನೇಜರ್ ಎರಡನ್ನೂ ವಾಪಸ್ ಹಾಕಿ, ಜಿಎಸ್‌ಎಂ ಕನೆಕ್ಷನ್ ಒಂದು ಮಾಡಿ, ಎಪಿಎನ್ ಕೊಟ್ಟು ಬಿಟ್ಟುಬಿಡಿ. ಬಿಎಸ್‌ಎನ್‌ಎಲ್ ಆದರೆ ಬಿಎಸ್‌ಎನ್‌ಎಲ್‌ನೆಟ್, ಜಿಯೋ ಆದರೆ ಜಿಯೋನೆಟ್. ರಾ ಐಪಿ ಸ್ವಿಚ್ಚನ್ನು ಮೋಡೆಮ್‌ಮ್ಯಾನೇಜರ್ ತಾನೇ ಹಾಕುತ್ತದೆ. ನಾನು ಅದನ್ನು ಕಿತ್ತುಹಾಕದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎಟಿ ಪೋರ್ಟ್‌ಗೆ ನೀವೂ ಸ್ಕ್ರಿಪ್ಟ್‌ನಿಂದ ಕೈ ಹಾಕಬೇಡಿ. ಇಬ್ಬರು ಒಂದೇ ಪೋರ್ಟ್‌ನಲ್ಲಿ ಮಾತಾಡಿದರೆ ಇಬ್ಬರಿಗೂ ಕೇಳಿಸುವುದಿಲ್ಲ.

ಡಿಕೆಎಂಎಸ್ ಇದೆಯಲ್ಲ, ಹೊಸ ಕರ್ನಲ್ ಬಂದಾಗಲೆಲ್ಲ ತಾನೇ ಕಂಪೈಲ್ ಮಾಡುತ್ತದಲ್ಲ ಅಂತಲೂ ಕೇಳಿದ್ದೀರಿ. ಮಾಡುತ್ತದೆ, ಆ ಕರ್ನಲ್‌ನ ಹೆಡರ್ ಪ್ಯಾಕೇಜ್ ಇದ್ದರೆ, ಸೋರ್ಸ್ ಆ ಕರ್ನಲ್‌ಗೆ ಹೊಂದಿದರೆ. ಕರ್ನಲ್ ಒಳಗಿನ ಫಂಕ್ಷನ್‌ಗಳು ಬದಲಾಗುತ್ತಲೇ ಇರುತ್ತವೆ. ಕರ್ನಲ್ ಒಳಗೇ ಇರುವ ಡ್ರೈವರನ್ನು ಅದರ ಜೊತೆಗೇ ತಿದ್ದುವ ಜನ ಇದ್ದಾರೆ. ಹೊರಗಿನದ್ದನ್ನು ತಿದ್ದುವವರು ನೀವೇ, ಅದೂ ಪೆಟ್ಟಿಗೆ ದೂರದ ಊರಿನಲ್ಲಿ ಕೂತಿರುವಾಗ. ಬೇಡ.

ನಿಮ್ಮ ಪೆಟ್ಟಿಗೆಯೂ ಗೋಡೌನಿನಲ್ಲಿ ಇರುತ್ತದೆ ಅಂದಿರಲ್ಲ, ಅದಕ್ಕೇ ಇನ್ನೆರಡು ಮಾತು. ತಾನಾಗಿ ರೀಬೂಟ್ ಆಗುವುದನ್ನು ಇವತ್ತೇ ಆಫ್ ಮಾಡಿ. ಅಪ್‌ಡೇಟ್ ನಿಲ್ಲಿಸಬೇಡಿ, ಹಳೇ ಕರ್ನಲ್‌ನಲ್ಲೇ ಕೂರುವುದೂ ತಪ್ಪು. ಅದೇ ಕಾರ್ಡಿನ ಇನ್ನೊಂದು ಪೆಟ್ಟಿಗೆ ನಿಮ್ಮ ಮೇಜಿನ ಮೇಲಿರಲಿ. ಅದರಲ್ಲಿ ಹೊಸ ಕರ್ನಲ್ ಎದ್ದು ಪಿಂಗ್ ಬಂದ ಮೇಲೆ, ಗೋಡೌನಿನಲ್ಲಿ ಯಾರಾದರೂ ಇರುವ ಹೊತ್ತಿಗೆ ಅಲ್ಲಿಯದನ್ನು ರೀಬೂಟ್ ಮಾಡಿ. ನಾನು ಈಗಲೂ ಹಾಗೇ ಮಾಡುತ್ತೇನೆ, ಮಂಗಳವಾರ ಬೆಳಿಗ್ಗೆ, ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಹೇಳಿಯೇ.

ಕಾರ್ಡು ಆಗಾಗ ಮಾಯವಾಗಿ ಮತ್ತೆ ಬರುತ್ತದೆ ಅಂತಲೂ ಕೊನೆಗೆ ಬರೆದಿದ್ದೀರಿ. ಅದು ಬೇರೆ ಕಥೆ, ಬಹುಪಾಲು ಕರೆಂಟಿನದು. ಸಿಗ್ನಲ್ ಕಡಿಮೆ ಇರುವ ಕಡೆ ಈ ಕಾರ್ಡು ಒಮ್ಮೊಮ್ಮೆ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಅಗ್ಗದ ಯುಎಸ್‌ಬಿ ಅಡಾಪ್ಟರ್‌ನಲ್ಲಿ ಹಾಕಿದ್ದರೆ ಅಷ್ಟು ಸಿಗುವುದಿಲ್ಲ. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಯುಎಸ್‌ಬಿ ಡಿಸ್ಕನೆಕ್ಟ್ ಅಂತ ಸಾಲು ಇದ್ದರೆ ಮೊದಲು ಅಡಾಪ್ಟರ್ ಬದಲಿಸಿ.

ಆ ಎರಡು ಫಾರ್ಮ್ಯಾಟ್ ಕಮಾಂಡ್‌ಗಳ ಔಟ್‌ಪುಟ್ ಇಲ್ಲಿ ಹಾಕಿ. ಮೈನಸ್ ಟಿ ಕೊಟ್ಟ ಎಲ್‌ಎಸ್‌ಯುಎಸ್‌ಬಿಯ ಐದೂ ಸಾಲು ಇರಲಿ. ಗೋಬಿನೆಟ್ ಈಗಾಗಲೇ ಹಾಕಿಬಿಟ್ಟಿದ್ದರೆ, ಬ್ಲ್ಯಾಕ್‌ಲಿಸ್ಟ್ ಫೈಲ್ ಅಳಿಸುವ ತನಕ ಆ ಪೆಟ್ಟಿಗೆಯನ್ನು ರೀಬೂಟ್ ಮಾಡಬೇಡಿ.