ಅನುಮಾನ ಸರಿ, ಆದರೆ ಘೂತಾ ಎಲ್ಲಿ?

ಆತ್ಮೀಯರೇ, ನಮಸ್ಕಾರ.

‘ಸಿರಿಯಾ: ಪಶ್ಚಿಮದ ರಕ್ತದಾಹ’ ಲೇಖನ ಓದಿದೆ. ಸಿರಿಯಾದ ಅಂತರ್ಯುದ್ಧದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈ ಹಾಕಬಾರದಿತ್ತು ಅನ್ನೋದು ನಿಮ್ಮ ವಾದ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ: ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ನಿಲುವು ಹಿಡಿಸಲಿಲ್ಲ ಅಂತಲ್ಲ. ಹೆಚ್ಚುಕಮ್ಮಿ ನನ್ನದೂ ಅದೇ ನಿಲುವು. ಅದಕ್ಕೇ ಸ್ವಲ್ಪ ಜಾಸ್ತಿ ಕಟುವಾಗಿ ಓದಿದ್ದೇನೆ.

ಮೊದಲ ಪುಟದಲ್ಲೇ ರಣಹದ್ದು, ಮೊಸಳೆ ಕಣ್ಣೀರು, ಸಾಮ್ರಾಜ್ಯಶಾಹಿ ಕೋರೆಹಲ್ಲು ಎಲ್ಲ ಬಂದಿವೆ. ಒಂದು ಊರಿನ ಹೆಸರಿಲ್ಲ, ಒಂದು ತಾರೀಖಿಲ್ಲ. ನಿಮಗೆ ಸಿಟ್ಟು ಬಂದಿದೆ ಅಂತ ಓದುಗನಿಗೆ ಗೊತ್ತಾಗುತ್ತದೆ. ಅವನಿಗೂ ಸಿಟ್ಟು ಬರಬೇಕಾದರೆ ಏನಾಯಿತು ಅಂತ ಗೊತ್ತಾಗಬೇಕಲ್ವಾ? ಲೇಖನದ ಒಳ್ಳೆಯ ಪ್ಯಾರಾ ಒಂದಿದೆ, ಆದರೆ ಅದು ನಾಲ್ಕನೇ ಪುಟದಲ್ಲಿ ಮುದುಡಿ ಕೂತಿದೆ. 1920ರಲ್ಲಿ ಮೈಸಲೂನ್ ಹತ್ತಿರ ಸಿರಿಯಾದ ಪುಟ್ಟ ಸೇನೆಯನ್ನು ಸೋಲಿಸಿ ಫ್ರೆಂಚರು ರಾಜಧಾನಿ ಡಮಾಸ್ಕಸ್‌ಗೆ ಬಂದದ್ದು, 1925ರ ಅಕ್ಟೋಬರ್‌ನಲ್ಲಿ ಅದೇ ನಗರದ ಮೇಲೆ ಗುಂಡು ಸುರಿಸಿದ್ದು, 1945ರ ಮೇ ತಿಂಗಳಲ್ಲಿ ಸಂಸತ್ ಭವನಕ್ಕೇ ಶೆಲ್ ಹೊಡೆದದ್ದು, ಕೊನೆಗೆ 1946ರ ಏಪ್ರಿಲ್ 17ಕ್ಕೆ ಹೊರಟು ಹೋದದ್ದು. ಅಲ್ಲಿಂದ ಶುರು ಮಾಡಿ. ‘ನಿಮ್ಮ ಒಳ್ಳೆಯದಕ್ಕೇ ಬರುತ್ತಿದ್ದೇವೆ’ ಎಂದು ಪ್ಯಾರಿಸ್ ಹೇಳಿದರೆ ಡಮಾಸ್ಕಸ್‌ನ ಹಿರಿಯರು ಯಾಕೆ ಹುಬ್ಬು ಗಂಟಿಕ್ಕುತ್ತಾರೆ ಅನ್ನೋದು ಯಾವ ವಿಶೇಷಣವೂ ಇಲ್ಲದೆ ತಿಳಿಯುತ್ತದೆ.

ಎಣ್ಣೆಯ ವಾದ ತೆಗೆದುಬಿಡಿ. ಯುದ್ಧಕ್ಕೆ ಮೊದಲು ಸಿರಿಯಾ ತೆಗೆಯುತ್ತಿದ್ದದ್ದು ದಿನಕ್ಕೆ ನಾಲ್ಕು ಲಕ್ಷ ಬ್ಯಾರೆಲ್‌ಗಿಂತ ಕಮ್ಮಿ. ಅಷ್ಟಕ್ಕೋಸ್ಕರ ಯುದ್ಧ ಎಂದು ಬರೆದರೆ ವಿಷಯ ತಿಳಿದವರು ಅಲ್ಲೇ ಓದು ನಿಲ್ಲಿಸುತ್ತಾರೆ.

ಈಗ ಮುಖ್ಯ ವಿಷಯ. ಘೂತಾದ ವಿಷಾನಿಲ ದಾಳಿಯನ್ನು ನೀವು ಅರ್ಧ ಸಾಲಿನಲ್ಲಿ ದಾಟಿದ್ದೀರಿ. ಅದೂ ಯಾರೋ ಹಬ್ಬಿಸಿದ ಗಾಳಿಮಾತಿನ ಹಾಗೆ. ಇದು ಸಣ್ಣ ಲೋಪವಲ್ಲ. ಹಸ್ತಕ್ಷೇಪ ಬೇಕು ಎನ್ನುವವರ ಕೈಯಲ್ಲಿರುವ ಅತಿ ದೊಡ್ಡ ವಾದವೇ ಅದು. ಅದರಿಂದ ನುಣುಚಿಕೊಂಡರೆ ಉಳಿದ ಏಳು ಪುಟ ಯಾರನ್ನೂ ಒಪ್ಪಿಸುವುದಿಲ್ಲ.

ನಡೆದದ್ದು ಇಷ್ಟು. 2013ರ ಆಗಸ್ಟ್ 21, ಬೆಳಕು ಹರಿಯುವ ಮುಂಚೆ. ಡಮಾಸ್ಕಸ್ ಅಂಚಿನ ಘೂತಾ ಪ್ರದೇಶ ಆಗ ಬಂಡುಕೋರರ ಹಿಡಿತದಲ್ಲಿತ್ತು. ಸರಿನ್ ಎಂಬ, ನರಗಳನ್ನು ಕೆಡಿಸುವ ವಿಷ ತುಂಬಿದ ರಾಕೆಟ್‌ಗಳು ಅಲ್ಲಿ ಬಂದು ಬಿದ್ದವು. ಶೆಲ್ ದಾಳಿಗೆ ಒಗ್ಗಿಹೋಗಿದ್ದ ಜನ ಸದ್ದು ಕೇಳಿದರೆ ನೆಲಮಾಳಿಗೆಗೆ ಇಳಿಯುತ್ತಿದ್ದರು. ಸರಿನ್ ಆವಿ ಗಾಳಿಗಿಂತ ಭಾರ. ನಸುಕಿನ ತಂಪಿಗೆ ಅದು ಮೇಲೇಳದೆ ನೆಲಕ್ಕಂಟಿಕೊಂಡು ಅದೇ ನೆಲಮಾಳಿಗೆಗಳಿಗೆ ಇಳಿಯಿತು. ಜೀವ ಉಳಿಸುತ್ತಿದ್ದ ಜಾಗವೇ ಜೀವ ತೆಗೆಯಿತು. ಸತ್ತವರ ಸಂಖ್ಯೆ 1,429 ಎಂದು ಅಮೆರಿಕ ಹೇಳಿತು. ಬೇರೆಯವರ ಲೆಕ್ಕ ಇದಕ್ಕಿಂತ ಕಮ್ಮಿ. ಗಡಿಗಳಿಲ್ಲದ ವೈದ್ಯರ ಸಂಸ್ಥೆ ತಾನು ನೆರವು ಕೊಡುತ್ತಿದ್ದ ಮೂರು ಆಸ್ಪತ್ರೆಗಳಲ್ಲೇ 355 ಸಾವು ಎಂದಿತು. ವಿಶ್ವಸಂಸ್ಥೆಯ ತಜ್ಞರು ಬೇರೊಂದು ತನಿಖೆಗಾಗಿ ಮೂರು ದಿನ ಮೊದಲೇ ಡಮಾಸ್ಕಸ್‌ಗೆ ಬಂದಿದ್ದರು. ಘೂತಾ ಕಡೆ ಹೊರಟಾಗ ಅವರ ಕಾರಿನ ಮೇಲೆ ಗುಂಡು ಹಾರಿತು. ಆದರೂ ಹೋದರು, ರಕ್ತದ ಮಾದರಿ, ಮಣ್ಣಿನ ಮಾದರಿ ತಂದರು. ಸೆಪ್ಟೆಂಬರ್ 16ರ ವರದಿಯಲ್ಲಿ ಸರಿನ್ ಬಳಕೆ ಖಚಿತ ಎಂದರು. ಯಾರು ಹಾರಿಸಿದರು ಎಂದು ಹೇಳುವ ಅಧಿಕಾರ ಅವರಿಗೆ ಕೊಟ್ಟಿರಲಿಲ್ಲ. ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ರಾಕೆಟ್‌ಗಳ ಬಗೆ ನೋಡಿ ಸರ್ಕಾರಿ ಪಡೆಗಳತ್ತಲೇ ಬೊಟ್ಟು ಮಾಡಿತು.

ಇಷ್ಟನ್ನೂ ಬರೆಯಿರಿ. ಪೂರ್ತಿ ಬರೆಯಿರಿ. ಓದುಗನಿಗೆ ‘ಅಯ್ಯೋ, ಯಾರಾದರೂ ಹೋಗಿ ಆ ಸರ್ಕಾರಕ್ಕೆ ಬಾರಿಸಬಾರದಾ’ ಅನ್ನಿಸಬೇಕು. ಆಮೇಲೆ ನಿಮ್ಮ ಪ್ರಶ್ನೆ ಕೇಳಿ: ಬಾರಿಸಿದ್ದರೆ ಆ ನೆಲಮಾಳಿಗೆಯವರಿಗೆ ಏನಾಗುತ್ತಿತ್ತು?

ನೀವು ಲೇಖನದ ಉದ್ದಕ್ಕೂ ಪಶ್ಚಿಮದವರ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುತ್ತಾ ಹೋಗಿದ್ದೀರಿ. ಅದನ್ನು ಸಾಬೀತು ಮಾಡಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಅವರು ಏನು ಮಾಡಲು ಹೊರಟಿದ್ದರು, ಏನು ಮಾಡಿದರು, ಅದರಿಂದ ಏನಾಯಿತು ಎಂಬುದಕ್ಕೆ ದಾಖಲೆಗಳಿವೆ. ಅನುಮಾನಕ್ಕೆ ಅದಕ್ಕಿಂತ ಗಟ್ಟಿ ನೆಲ ಬೇಕಿಲ್ಲ.

ಉದಾಹರಣೆಗೆ, ಸೆಪ್ಟೆಂಬರ್ 9ರಂದು ಲಂಡನ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಪತ್ರಕರ್ತರ ಮುಂದೆ ಏನು ಹೇಳಿದರು ನೋಡಿ. ಘೂತಾಕ್ಕೆ ಉತ್ತರವಾಗಿ ಅಮೆರಿಕ ಮಾಡಲು ಹೊರಟಿದ್ದ ದಾಳಿ ನಂಬಲಾಗದಷ್ಟು ಚಿಕ್ಕದಾಗಿರುತ್ತದೆ, ಸೀಮಿತವಾಗಿರುತ್ತದೆ ಎಂದರು. ತಮ್ಮ ಜನರಿಗೆ ಭಯ ಬೇಡ ಅಂತ ಹೇಳಿದ ಮಾತು ಅದು. ಆದರೆ ಅಷ್ಟು ಚಿಕ್ಕ ದಾಳಿಯಿಂದ ಸಿರಿಯಾದ ಅಧ್ಯಕ್ಷ ಬಷರ್ ಅಸಾದ್‌ಗೆ ಏನಾಗುತ್ತದೆ? ಘೂತಾದವರಿಗೆ ಏನು ಸಿಗುತ್ತದೆ? ಅದರ ಹಿಂದಿನ ವರ್ಷ, ಆಗಸ್ಟ್ 20ಕ್ಕೆ, ರಾಸಾಯನಿಕ ಅಸ್ತ್ರ ಬಳಕೆ ತಮ್ಮ ಪಾಲಿಗೆ ಕೆಂಪು ಗೆರೆ ಎಂದು ಒಬಾಮ ಹೇಳಿದ್ದರು. ನನ್ನ ಮಟ್ಟಿಗೆ ಆ ದಾಳಿಯ ಯೋಜನೆ ಇದ್ದದ್ದು ಆ ಮಾತು ಉಳಿಸಿಕೊಳ್ಳುವುದಕ್ಕೆ, ಸಿರಿಯನ್ನರನ್ನು ಉಳಿಸುವುದಕ್ಕಲ್ಲ. ನೀವು ಒಪ್ಪದಿರಬಹುದು, ಆದರೆ ವಾದ ಮಾಡಬೇಕಾದ ಜಾಗ ಇದು.

ತಮಾಷೆ ಎಂದರೆ ಅದೇ ಸಭೆಯಲ್ಲಿ ಕೆರಿ ಇನ್ನೊಂದು ಮಾತು ಆಡಿದರು. ಅಸಾದ್ ಒಂದು ವಾರದೊಳಗೆ ಎಲ್ಲ ರಾಸಾಯನಿಕ ಅಸ್ತ್ರ ಒಪ್ಪಿಸಿದರೆ ದಾಳಿ ತಪ್ಪುತ್ತದೆ, ಆದರೆ ಆತ ಒಪ್ಪಿಸುವವನಲ್ಲ ಎಂದು. ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಅದನ್ನು ಅವತ್ತೇ ಗಟ್ಟಿಯಾಗಿ ಹಿಡಿದುಕೊಂಡರು. ಐದೇ ದಿನಕ್ಕೆ ಜಿನೀವಾದಲ್ಲಿ ಒಪ್ಪಂದವಾಯಿತು. ಮುಂದಿನ ವರ್ಷದ ಜೂನ್ ಹೊತ್ತಿಗೆ ಸಿರಿಯಾ ಘೋಷಿಸಿದ್ದ ಸುಮಾರು 1,300 ಟನ್ ರಾಸಾಯನಿಕ ದೇಶದಿಂದ ಹೊರಗೆ ಹೋಯಿತು. ನಿಮ್ಮ ಲೇಖನದಲ್ಲಿ ಈ ಕಥೆಯ ಸುಳಿವೇ ಇಲ್ಲ! ಬಾಂಬ್ ಹಾಕದೆ ಸಿಕ್ಕಿದ ಫಲಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? ಆದರೆ ಅರ್ಧ ಹೇಳಿ ನಿಲ್ಲಿಸಬೇಡಿ. ದಾಳಿಯ ಬೆದರಿಕೆ ಇರದಿದ್ದರೆ ಅಸಾದ್ ಒಪ್ಪುತ್ತಿದ್ದರೇ ಎಂದು ಎದುರಿನವರು ಕೇಳುತ್ತಾರೆ. ಘೋಷಿಸದೆ ಬಚ್ಚಿಟ್ಟದ್ದರ ಗತಿ ಏನು ಎಂದೂ ಕೇಳುತ್ತಾರೆ. 2017ರ ಏಪ್ರಿಲ್ 4ಕ್ಕೆ ಖಾನ್ ಶೇಖೂನ್ ಊರಿನಲ್ಲಿ ಮತ್ತೆ ಸರಿನ್ ಬಿತ್ತು. ಈ ಸಲ ಟ್ರಂಪ್ 59 ಟೊಮಹಾಕ್ ಕ್ಷಿಪಣಿಗಳನ್ನು ಶೈರಾತ್ ವಾಯುನೆಲೆಯ ಮೇಲೆ ಹಾರಿಸಿದರು. ಅಲ್ಲಿಂದ ಮತ್ತೆ ಯುದ್ಧವಿಮಾನಗಳು ಹಾರಲು ಹೆಚ್ಚು ದಿನ ಬೇಕಾಗಲಿಲ್ಲ. ಈ ಎರಡೂ ಸಂಗತಿ ಅಕ್ಕಪಕ್ಕ ಇರಲಿ. ಒಂದು ನಿಮ್ಮ ವಾದಕ್ಕೆ ಪೆಟ್ಟು, ಇನ್ನೊಂದು ಬೆಂಬಲ.

‘ಇಡೀ ಪಶ್ಚಿಮ ಒಂದೇ ದನಿಯಲ್ಲಿ ಯುದ್ಧ ಬೇಡಿತು’ ಎಂದು ಬರೆದಿದ್ದೀರಿ. ತಪ್ಪು. ಆಗಸ್ಟ್ 29ರ ರಾತ್ರಿ ಬ್ರಿಟನ್ನಿನ ಸಂಸತ್ತು ಪ್ರಧಾನಿ ಕ್ಯಾಮರಾನ್ ಸರ್ಕಾರದ ನಿರ್ಣಯವನ್ನು 285-272 ಮತಗಳಿಂದ ಬೀಳಿಸಿತು. ವಿಶ್ವಸಂಸ್ಥೆ ತಜ್ಞರ ವರದಿಗೆ ಕಾಯುತ್ತೇವೆ, ದಾಳಿಗೆ ಮೊದಲು ಇನ್ನೊಮ್ಮೆ ಮತ ಕೇಳುತ್ತೇವೆ ಎಂದು ಎಷ್ಟೋ ಮೆತ್ತಗೆ ಮಾಡಿದ್ದ ನಿರ್ಣಯ ಅದು. ಆದರೂ ಬಿತ್ತು. 2003ರಲ್ಲಿ ಇರಾಕ್ ವಿಷಯದಲ್ಲಿ ಎತ್ತು ಈಯಿತು ಎಂದಾಗ ಕೊಟ್ಟಿಗೆಗೆ ಕಟ್ಟಿದ್ದ ಸಂಸತ್ತು ಅದೇ. ಆ ಸುಟ್ಟ ನೆನಪು ಸದನದಲ್ಲಿತ್ತು. ನಿಮ್ಮ ಹಾಗೆಯೇ ಅನುಮಾನ ಪಟ್ಟವರು ಲಂಡನ್ನಿನಲ್ಲೂ ಇದ್ದರು. ಅವರನ್ನು ಒಳಗೆ ಕರೆದುಕೊಳ್ಳಿ, ವಾದಕ್ಕೆ ಬಲ ಬರುತ್ತದೆ.

ಇನ್ನೊಂದು ದೊಡ್ಡ ಹಳ್ಳ. ಲೇಖನ 2013ಕ್ಕೇ ಮುಗಿಯುತ್ತದೆ, ಹಸ್ತಕ್ಷೇಪ ತಪ್ಪಿತು ಎಂಬ ಸಮಾಧಾನದಲ್ಲಿ. ತಪ್ಪಲಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಂಡುಕೋರರಿಗೆ ಗುಟ್ಟಾಗಿ ಆಯುಧ ಕೊಡುತ್ತಿತ್ತು. ಐಸಿಸ್ ವಿರುದ್ಧ ಹೋರಾಡಲು ಸಿರಿಯನ್ನರಿಗೆ ತರಬೇತಿ ಕೊಡುತ್ತೇವೆ ಎಂದು ಅಲ್ಲಿನ ರಕ್ಷಣಾ ಇಲಾಖೆ ಪೆಂಟಗನ್ 50 ಕೋಟಿ ಡಾಲರ್‌ನ ಕಾರ್ಯಕ್ರಮ ಶುರು ಮಾಡಿತು. 2015ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿ, ಎಷ್ಟು ಜನ ಕಣದಲ್ಲಿದ್ದಾರೆ ಎಂದು ಜನರಲ್ ಲಾಯ್ಡ್ ಆಸ್ಟಿನ್‌ರನ್ನು ಕೇಳಿತು. ನಾಲ್ಕೋ ಐದೋ ಜನ ಎಂದರು. ಇದನ್ನು ಬಿಟ್ಟು ರಣಹದ್ದು ಹಿಡಿದುಕೊಂಡಿದ್ದೀರಲ್ಲ!

ರಕ್ಕಾವನ್ನಂತೂ ಬಿಡಲೇಬೇಡಿ. ಐಸಿಸ್ ರಾಜಧಾನಿಯಾಗಿದ್ದ ಆ ನಗರವನ್ನು ಅಮೆರಿಕ ನೇತೃತ್ವದ ಕೂಟ 2017ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಡಿಯಿತು. ನೆಲದ ಮೇಲೆ ಹೋರಾಡಿದ್ದು ಕುರ್ದರು ಮುಂದಾಳಾಗಿದ್ದ ಪಡೆ. ಮಾನವ ಹಕ್ಕುಗಳ ಸಂಸ್ಥೆ ಅಮ್ನೆಸ್ಟಿ ಮತ್ತು ವಾಯುದಾಳಿಗಳ ಸಾವುನೋವು ದಾಖಲಿಸುವ ಏರ್‌ವಾರ್ಸ್ ಲೆಕ್ಕ ಹಾಕಿದವು: ಕೂಟದ ದಾಳಿಗಳಲ್ಲಿ ಸತ್ತ ನಾಗರಿಕರು 1,600ಕ್ಕೂ ಹೆಚ್ಚು. ಆ ವರದಿ ಬಂದಾಗ ಕೂಟ ಒಪ್ಪಿಕೊಂಡಿದ್ದು 159. ಐಸಿಸ್ ಹೋಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡುಗಡೆಯಾದ ಊರಿನಲ್ಲಿ ನಿಂತಿದ್ದ ಗೋಡೆಗಳೆಷ್ಟು ಎಂದು ಕೇಳುವುದು ಐಸಿಸ್ ಪರ ಮಾತಾಡಿದಂತೆ ಅಲ್ಲ.

ಹಾಗೆಯೇ ಪಶ್ಚಿಮವನ್ನು ಪ್ರಶ್ನಿಸುವುದು ಅಸಾದ್ ಪರ ಅಲ್ಲ ಎಂದು ನೀವೂ ತೋರಿಸಿಕೊಡಬೇಕು. ನಿಮ್ಮ ಲೇಖನದಲ್ಲಿ ರಷ್ಯಾ ‘ಶಾಂತಿಯ ಧ್ವನಿ’. 2015ರ ಸೆಪ್ಟೆಂಬರ್ 30ರಿಂದ ಅದರ ವಿಮಾನಗಳು ಸಿರಿಯಾದಲ್ಲಿ ಬಾಂಬ್ ಹಾಕಿದವು. 2016ರಲ್ಲಿ ಪೂರ್ವ ಅಲೆಪ್ಪೊ ಮಣ್ಣಾದದ್ದು ಆ ಬಾಂಬ್‌ಗಳಿಂದಲೂ ಹೌದು. ಇರಾನ್, ಲೆಬನಾನಿನ ಹಿಜ್ಬುಲ್ಲಾ ಪಡೆ ಅದಕ್ಕೂ ಮೊದಲೇ ಒಳಗಿದ್ದವು. ವಿದೇಶಿ ಸೇನೆ ಬೇಡ ಎನ್ನುವ ನಿಯಮ ಇದ್ದರೆ ಎಲ್ಲ ವಿದೇಶಿ ಸೇನೆಗೂ ಇರಲಿ.

ಎಂಟು ಪುಟದಲ್ಲಿ ಒಬ್ಬ ಸಿರಿಯನ್ನನೂ ಮಾತಾಡುವುದಿಲ್ಲ. ಒಬಾಮ, ಪುಟಿನ್, ಕ್ಯಾಮರಾನ್ ಮಾತಾಡುತ್ತಾರೆ. ಬಿಟ್ಟರೆ ನೀವು. ಯುದ್ಧ ಯಾರ ಊರಲ್ಲಿ ನಡೆಯಿತು? ಇಬ್ಬರನ್ನು ಸೂಚಿಸುತ್ತೇನೆ. ದಕ್ಷಿಣ ಸಿರಿಯಾದ ದರಾ ಕಡೆಯವರಾದ ಹೈಥಮ್ ಮನ್ನಾ ಅಸಾದ್ ವಿರೋಧಿ. ಆದರೂ ಅವರ ಒಕ್ಕೂಟ ಮೂರು ಬೇಡಗಳನ್ನು ಇಟ್ಟುಕೊಂಡಿತ್ತು: ಹಿಂಸೆ ಬೇಡ, ಪಂಥದ ಜಗಳ ಬೇಡ, ವಿದೇಶಿ ಹಸ್ತಕ್ಷೇಪ ಬೇಡ. ಇನ್ನೊಬ್ಬರು ಯಾಸಿನ್ ಅಲ್ ಹಾಜ್ ಸಾಲೆಹ್. ಅಸಾದ್‌ರ ತಂದೆ ಹಾಫೆಜ್ ಅಸಾದ್ ಕಾಲದಲ್ಲಿ 16 ವರ್ಷ ಜೈಲಿನಲ್ಲಿದ್ದ ಎಡಪಂಥೀಯ. ಅವರ ಹೆಂಡತಿ ಸಮೀರಾ ಖಲೀಲ್‌ರನ್ನು 2013ರ ಡಿಸೆಂಬರ್‌ನಲ್ಲಿ ದೂಮಾದಿಂದ ಹೊತ್ತೊಯ್ದರು, ಅದು ಬಂಡುಕೋರರ ಹಿಡಿತದಲ್ಲಿದ್ದ ಊರು. ಸಾಲೆಹ್ ಅವರ ಸಿಟ್ಟು ಯಾರ ಮೇಲೆ ಗೊತ್ತಾ? ದೂರದಲ್ಲಿ ಕೂತು ಅಮೆರಿಕವನ್ನು ಬೈಯುವ ಭರದಲ್ಲಿ ಸಿರಿಯನ್ನರನ್ನೇ ಮರೆತುಬಿಡುವ ಎಡಪಂಥೀಯರ ಮೇಲೂ. ಅಂದರೆ ನನ್ನ ನಿಮ್ಮಂಥವರ ಮೇಲೆ. ಅದನ್ನು ಎದುರಿಸಿ ಬರೆಯಿರಿ.

ಭಾರತದ ಬಗ್ಗೆ ಬರೆದದ್ದನ್ನೂ ತಿದ್ದಬೇಕು. ‘ಭಾರತ ಸದಾ ವಿರೋಧಿಸಿತು’ ಎಂಬುದು ಸರಿಯಲ್ಲ. 2011-12ರಲ್ಲಿ ನಾವು ಭದ್ರತಾ ಮಂಡಳಿಯಲ್ಲಿದ್ದೆವು. 2011ರ ಮಾರ್ಚ್‌ನಲ್ಲಿ ಲಿಬಿಯಾ ನಿರ್ಣಯ ಬಂದಾಗ ಮತ ಹಾಕದೆ ಉಳಿದೆವು. ನಾಗರಿಕರ ರಕ್ಷಣೆಗೆಂದು ಬಲಪ್ರಯೋಗಕ್ಕೆ ಕೊಟ್ಟ ಆ ಅನುಮತಿ ಅಕ್ಟೋಬರ್ ಹೊತ್ತಿಗೆ ಲಿಬಿಯಾದ ಆಳುಗ ಗಡಾಫಿಯ ಹೆಣದಲ್ಲಿ ಮುಗಿಯಿತು. ಸಿರಿಯಾದ ವಿಷಯದಲ್ಲಿ ಎಲ್ಲರ ಅನುಮಾನಕ್ಕೂ ಅದು ಗೊಬ್ಬರ ಹಾಕಿತು. ಗಡಾಫಿ ಹೋದ ಮರುದಿನಕ್ಕೆ ಯೋಜನೆ ಇಟ್ಟುಕೊಳ್ಳದೇ ಇದ್ದದ್ದು ತಮ್ಮ ಬಹುದೊಡ್ಡ ತಪ್ಪಿರಬೇಕು ಎಂದು ಒಬಾಮರೇ 2016ರಲ್ಲಿ ಹೇಳಿದರು. ಸಿರಿಯಾ ಕುರಿತ ಮೊದಲ ಕರಡು ನಿರ್ಣಯಕ್ಕೂ ಭಾರತ ಮತ ಹಾಕಲಿಲ್ಲ. ಆದರೆ 2012ರ ಫೆಬ್ರವರಿಯಲ್ಲಿ ಪರವಾಗಿ ಹಾಕಿತು. ರಷ್ಯಾ, ಚೀನಾ ಎರಡು ಸಲವೂ ವೀಟೊ ಮಾಡಿದವು.

ಕುರುಕ್ಷೇತ್ರದ ಹೋಲಿಕೆ ಬೇಡ. ಸಿರಿಯಾದ ದುಃಖ ನಮಗೆ ಮುಟ್ಟಲು ಅದನ್ನು ಎಳೆದು ತರಬೇಕಿಲ್ಲ. ನಮ್ಮ ನಂಟೇ ಬೇಕಿದ್ದರೆ ನಿಜವಾದದ್ದು ಇದೆ. 1918ರ ಅಕ್ಟೋಬರ್ 26ಕ್ಕೆ ಅಲೆಪ್ಪೊ ಉತ್ತರದ ಹರಿತಾನ್ ಹಳ್ಳಿಯ ಹತ್ತಿರ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು, ಜೋಧಪುರದವರ ಜೊತೆ, ತುರ್ಕಿ ಸೇನೆಯ ಮೇಲೆ ನುಗ್ಗಿದ್ದರು. ಎದುರಾಳಿಗಳು ಅಂದಾಜಿಗಿಂತ ಜಾಸ್ತಿ ಇದ್ದರು. ಸಾವುನೋವು ಆಯಿತು. ನಾಲ್ಕೇ ದಿನಕ್ಕೆ ಕದನವಿರಾಮ. ಆ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಸಿರಿಯಾಕ್ಕೆ ಹೋದ ಪರದೇಶದ ಸೇನೆಗಳಲ್ಲಿ ನಮ್ಮವರೂ ಇದ್ದರು, ಇನ್ನೊಬ್ಬರ ಸಾಮ್ರಾಜ್ಯಕ್ಕಾಗಿ. ಒಂದೇ ಪ್ಯಾರಾ ಸಾಕು.

ಕೊನೆಯ ಪುಟ ಹಳತಾಗಿದೆ. ಅಸಾದ್ 2024ರ ಡಿಸೆಂಬರ್ 8ಕ್ಕೆ ಮಾಸ್ಕೊಗೆ ಓಡಿಹೋದರು. ಉರುಳಿಸಿದ್ದು ಅಮೆರಿಕದ ಸೇನೆಯಲ್ಲ, ವಾಯವ್ಯದ ಇದ್ಲಿಬ್‌ನಿಂದ ಹೊರಟ ಬಂಡುಕೋರರು. ಅವರ ನಾಯಕ ಅಹ್ಮದ್ ಅಲ್ ಶರಾ ತಲೆಗೆ ಅಮೆರಿಕ ಒಂದು ಕೋಟಿ ಡಾಲರ್ ಬಹುಮಾನ ಇಟ್ಟಿತ್ತು. ಅದೇ ತಿಂಗಳು ಅದನ್ನು ತೆಗೆಯಿತು. 2025ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಟ್ರಂಪ್ ಈ ಶರಾ ಅವರ ಕೈಕುಲುಕಿದರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಸಿರಿಯಾದ ಕರಾವಳಿಯಲ್ಲಿ ಅಸಾದ್‌ರ ಪಂಥದವರಾದ ಅಲಾವಿಗಳ ಹತ್ಯಾಕಾಂಡ ನಡೆದಿತ್ತು. ಇದೆಲ್ಲ ಯಾರ ವಾದಕ್ಕೂ ಸಲೀಸಾಗಿ ಹೊಂದುವುದಿಲ್ಲ, ನಿಮ್ಮದಕ್ಕೂ ಸೇರಿ. ಹೊಂದಿಸಲು ಹೋಗದೆ ಇದ್ದ ಹಾಗೇ ಬರೆಯಿರಿ.

ಎರಡು ಸಾವಿರ ಪದ ಮೀರದಿರಲಿ. ಶೀರ್ಷಿಕೆ ನಾನು ಹಾಕುತ್ತೇನೆ, ‘ರಕ್ತದಾಹ’ ಅಂತೂ ಇರುವುದಿಲ್ಲ. ಹೆಣಗಳ ಫೋಟೊ ಕಳಿಸಿದ್ದೀರಿ, ಅವನ್ನು ಹಾಕುವುದಿಲ್ಲ. ನಕ್ಷೆ ಒಂದು ಬೇಕು: ಡಮಾಸ್ಕಸ್, ದರಾ, ಅಲೆಪ್ಪೊ, ರಕ್ಕಾ ಎಲ್ಲಿವೆ ಎಂದು ತೋರಿಸುವಂಥದ್ದು. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇತಿ,
ಸಂಪಾದಕ