ಕಗಪ ಬೆರಳು, ಇನ್‌ಸ್ಕ್ರಿಪ್ಟ್ ಕಂಪ್ಯೂಟರ್: ನಡುವೆ ಒಂದು ಅಡಾಪ್ಟರ್

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಕಡೆ ಅರ್ಜಿ, ದಾಖಲೆ ಪತ್ರ ಟೈಪ್ ಮಾಡಿಕೊಡುವುದು ನನ್ನ ಕೆಲಸ. ನುಡಿ ತಂತ್ರಾಂಶದ ಕಗಪ ಎಂಬ ಕೀ ಜೋಡಣೆ ಕೈಗೆ ಕೂತುಬಿಟ್ಟಿದೆ. ಈಗ ಬೇರೆ ಬೇರೆ ಕಚೇರಿಗಳ ಕಂಪ್ಯೂಟರಿನಲ್ಲಿ ಕೂರಬೇಕು. ಹೊಸ ತಂತ್ರಾಂಶ ಹಾಕಲು ಎಲ್ಲೂ ಬಿಡುವುದಿಲ್ಲ, ವಿಂಡೋಸ್ ಜೊತೆಗೆ ಬರುವ ಇನ್‌ಸ್ಕ್ರಿಪ್ಟ್ ಎಂಬ ಬೇರೆ ಜೋಡಣೆಯೇ ಗತಿ. ಕೀಬೋರ್ಡಿಗೂ ಕಂಪ್ಯೂಟರಿಗೂ ನಡುವೆ ಅಡಾಪ್ಟರ್ ಇಟ್ಟು ಕಗಪದಲ್ಲೇ ಟೈಪ್ ಮಾಡಬಹುದಾ? ಮಲಯಾಳವೂ ಬೇಕಾಗುತ್ತದೆ.

ಉತ್ತರ: ಮಾಡಬಹುದು. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಯುಎಸ್‌ಬಿ ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರ ಕಳಿಸುವುದೇ ಇಲ್ಲ. ಯಾವ ಕೀ ಒತ್ತಿದಿರಿ ಎಂಬ ಸಂಖ್ಯೆಯನ್ನು ಮಾತ್ರ ಕಳಿಸುತ್ತದೆ. ಇಂಗ್ಲಿಷ್ ‘ಎ’ ಕೀಯ ಸಂಖ್ಯೆ 4. ಅದು ಎ ಆಗಬೇಕೋ ‘ೋ’ ಆಗಬೇಕೋ ಎಂದು ತೀರ್ಮಾನಿಸುವುದು ವಿಂಡೋಸ್. ಹಾಗಾಗಿ ಅಡಾಪ್ಟರ್ ತಾನಾಗಿ ಕನ್ನಡ ಬರೆಯಲಾರದು. ನೀವು ಕಗಪದಲ್ಲಿ ಒತ್ತಿದ್ದನ್ನು ಇನ್‌ಸ್ಕ್ರಿಪ್ಟ್‌ನ ಕೀಗಳಿಗೆ ಬದಲಿಸಿ ಕೊಡಬಲ್ಲದು, ಅಷ್ಟೆ. ನೀವು ‘ಎಸ್’ ಒತ್ತಿದರೆ ಅದು ‘ಎಂ’ ಕಳಿಸುತ್ತದೆ, ತೆರೆಯ ಮೇಲೆ ಸ ಬರುತ್ತದೆ. ‘ಆರ್’ ಒತ್ತಿದರೆ ‘ಜೆ’ ಹೋಗುತ್ತದೆ, ರ ಬರುತ್ತದೆ. ಒತ್ತಕ್ಷರಕ್ಕೆ ನೀವು ಬಳಸುವ ‘ಎಫ್’ ಅಲ್ಲಿ ‘ಡಿ’ ಆಗುತ್ತದೆ.

ಮಲಯಾಳದ ವಿಷಯದಲ್ಲಿ ನಿಮಗೆ ಲಾಭವೇ. ಇನ್‌ಸ್ಕ್ರಿಪ್ಟ್‌ನಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ, ಕ ಇರುವ ಕೀಯಲ್ಲೇ ಮಲಯಾಳದ ಕ ಕೂಡ ಇದೆ. ಅಡಾಪ್ಟರಿನ ಪಟ್ಟಿ ಬದಲಿಸಬೇಕಿಲ್ಲ, ವಿಂಡೋಸ್‌ನಲ್ಲಿ ಭಾಷೆ ಬದಲಿಸಿದರೆ ಸಾಕು. ಚಿಲ್ಲಕ್ಷರಗಳಿಗೂ (ಸ್ವರ ಸೇರದ ವ್ಯಂಜನದ ಅಕ್ಷರಗಳು) ಮಲಯಾಳಕ್ಕೇ ಬೇಕಾದ ಇನ್ನೊಂದೆರಡು ಅಕ್ಷರಗಳಿಗೂ ಕಗಪದಲ್ಲಿ ಜಾಗವಿಲ್ಲ. ಅವಕ್ಕೆ ನೀವೇ ಕೀ ಹುಡುಕಿಕೊಡಬೇಕು.

ಸಾಮಾನಿಗೆ ಜಾಸ್ತಿ ಖರ್ಚಿಲ್ಲ. ರಾಸ್ಪ್‌ಬೆರಿ ಪೈ ಪಿಕೊ ಎಂಬ, ನಾವೇ ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್ ಸಾಕು. 2021ರಲ್ಲಿ ಬಂದ ಈ ಬೋರ್ಡಿನಲ್ಲಿರುವ ಒಂದೇ ಯುಎಸ್‌ಬಿ ಕಿಂಡಿ ಕಂಪ್ಯೂಟರಿನ ಕಡೆಗೆ. ಕೀಬೋರ್ಡಿಗೆ ಇನ್ನೊಂದು ಕಿಂಡಿಯನ್ನು ನಾವೇ ಬೆಸುಗೆ ಹಾಕಬೇಕು: ಎರಡು ಡೇಟಾ ತಂತಿ ಅಕ್ಕಪಕ್ಕದ ಎರಡು ಪಿನ್ನಿಗೆ, 5 ವೋಲ್ಟ್ 40ನೇ ಪಿನ್ನಿನಿಂದ, ಮತ್ತೆ ಗ್ರೌಂಡ್. ಪಿಕೊ ಪಿಐಓ ಯುಎಸ್‌ಬಿ ಎಂಬ ಮುಕ್ತ ಲೈಬ್ರರಿ (ಸಿದ್ಧ ಪ್ರೋಗ್ರಾಮ್ ತುಣುಕು) ಆ ಪಿನ್ನುಗಳಲ್ಲೇ ಕೀಬೋರ್ಡನ್ನು ಓದುತ್ತದೆ. ಚಿಪ್ಪಿನ ವೇಗವನ್ನು 120 ಮೆಗಾಹರ್ಟ್ಸ್‌ಗೆ ಇಡಲು ಮರೆಯಬೇಡಿ. ಆ ಲೈಬ್ರರಿಗೆ 12ರಿಂದ ಶೇಷವಿಲ್ಲದೆ ಭಾಗವಾಗುವ ವೇಗವೇ ಬೇಕು, ಮಾಮೂಲಿ 125 ಆಗಿಬರುವುದಿಲ್ಲ. ಕೀಬೋರ್ಡ್ ಸಾದಾ ವೈರಿನದೇ ಇರಲಿ. ಗೇಮಿಂಗ್ ಎಂದು ಮಿನುಗುವವು ಇಲ್ಲಿ ಸುಮ್ನೆ ತಲೆನೋವು.

ನಿಜವಾದ ಕೆಲಸ ಪ್ರೋಗ್ರಾಮಿನಲ್ಲಿದೆ. ಒಂದು ಕೀಗೆ ಇನ್ನೊಂದು ಕೀ ಎಂಬ ಪಟ್ಟಿಯಿಂದ ಕನ್ನಡಕ್ಕೆ ಆಗುವುದಿಲ್ಲ. ಕಗಪದಲ್ಲಿ ಶಿಫ್ಟ್ ಹಿಡಿದು ‘ಎ’ ಒತ್ತಿದರೆ ಪದದ ಮೊದಲಿಗೆ ಆ ಬರುತ್ತದೆ, ವ್ಯಂಜನದ ನಂತರ ಬರೀ ದೀರ್ಘ ಬರುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಇವೆರಡೂ ಬೇರೆ: ಆ ಬೇಕಿದ್ದರೆ ಶಿಫ್ಟ್ ಜೊತೆ ಇಂಗ್ಲಿಷಿನ ‘ಇ’, ದೀರ್ಘಕ್ಕೆ ಶಿಫ್ಟ್ ಇಲ್ಲದ ‘ಇ’. ಅಂದರೆ ಹಿಂದಿನದು ವ್ಯಂಜನವೋ ಅಲ್ಲವೋ ಎಂಬುದು ಅಡಾಪ್ಟರಿಗೆ ನೆನಪಿರಬೇಕು. ಕಾಸರಗೋಡು ಎಂದು ಟೈಪ್ ಮಾಡುವಾಗ ನಿಮ್ಮ ಬೆರಳು ಶಿಫ್ಟ್ ಮೇಲಿದ್ದರೂ ‘ಕಾ’ದ ದೀರ್ಘ ಕಳಿಸುವ ಹೊತ್ತಿಗೆ ಅಡಾಪ್ಟರ್ ಶಿಫ್ಟನ್ನು ತೆಗೆದು ಕಳಿಸಬೇಕು. ಕಂಟ್ರೋಲ್ ಅಥವಾ ಆಲ್ಟ್ ಒತ್ತಿದ್ದಾಗ ಮಾತ್ರ ಏನನ್ನೂ ಮುಟ್ಟಬಾರದು. ಇಲ್ಲದಿದ್ದರೆ ಸೇವ್ ಮಾಡಲು ಹೋಗಿ ಇನ್ನೇನೋ ಆಗುತ್ತದೆ.

ಬ್ಯಾಕ್‌ಸ್ಪೇಸ್ ಒತ್ತಿದಾಗ ಈಗ ಕೊನೆಯಲ್ಲಿ ಉಳಿದದ್ದೇನು ಎಂದೂ ಗೊತ್ತಿರಬೇಕು. ಅದಕ್ಕೆ ಕೊನೆಯ ಒಂದಿಪ್ಪತ್ತು ಕೀಗಳ ಲೆಕ್ಕ ಇಟ್ಟುಕೊಂಡರಾಯಿತು. ಬಾಣದ ಕೀ, ಎಂಟರ್ ಒತ್ತಿದರೆ ಲೆಕ್ಕ ಅಳಿಸಿಬಿಡಲಿ. ಮೌಸ್ ಕ್ಲಿಕ್ಕಿಗೇ ಕಷ್ಟ, ಅದು ಅಡಾಪ್ಟರಿಗೆ ಕಾಣುವುದೇ ಇಲ್ಲ. ನೀವು ವ್ಯಂಜನ ಒತ್ತಿ, ಮೌಸಿನಿಂದ ಬೇರೆ ಸಾಲಿಗೆ ಹೋಗಿ ‘ಆ’ ಒತ್ತಿದರೆ ಚುಕ್ಕಿ ವೃತ್ತದ ಪಕ್ಕ ದೀರ್ಘ ನೇತಾಡುತ್ತದೆ. ಎರಡು ಸೆಕೆಂಡ್ ಸುಮ್ಮನಿದ್ದರೆ ಮರೆತುಬಿಡು ಎಂದು ಪ್ರೋಗ್ರಾಮ್ ಬರೆಯುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಪದದ ನಡುವೆ ಅರ್ಜಿದಾರರ ಮನೆಹೆಸರು ಕೇಳಲು ನೀವು ತಲೆ ಎತ್ತಿದರೆ ಅಕ್ಷರ ಕೆಡುತ್ತದೆ, ಅಲ್ವಾ? ಕ್ಯಾಪ್ಸ್ ಲಾಕ್ ಕನ್ನಡಕ್ಕೆ ಬೇಕಿಲ್ಲ, ಅದನ್ನೇ ‘ಮರೆತುಬಿಡು’ ಕೀ ಮಾಡಿ. ಸ್ಕ್ರೋಲ್ ಲಾಕ್ ಒತ್ತಿದರೆ ಅಡಾಪ್ಟರ್ ಆಫ್ ಆಗಲಿ, ಇಂಗ್ಲಿಷಿಗೆ ಬೇಕಾಗುತ್ತದೆ. ಪಿಕೊ ಮೇಲಿನ ಪುಟ್ಟ ದೀಪ ಆನ್ ಇದೆಯೋ ಇಲ್ಲವೋ ಎಂದು ತೋರಿಸಲಿ.

ಹಾಗೇ, ಕಚೇರಿಯವರ ಒಪ್ಪಿಗೆ ತೆಗೆದುಕೊಳ್ಳಿ. ಒತ್ತಿದ ಪ್ರತಿ ಕೀಯೂ, ಪಾಸ್‌ವರ್ಡ್ ಸಹ, ಈ ಪೆಟ್ಟಿಗೆಯ ಮೂಲಕವೇ ಹೋಗುತ್ತದೆ. ಅವರು ಅನುಮಾನಪಟ್ಟರೆ ತಪ್ಪಲ್ಲ. ಪ್ರೋಗ್ರಾಮನ್ನು ತೋರಿಸಲು ಸಿದ್ಧರಿರಿ, ಒತ್ತಿದ ಕೀಗಳ ಲೆಕ್ಕವನ್ನು ಬೋರ್ಡಿನ ಫ್ಲ್ಯಾಶ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಎಂದೂ ಬರೆಯಬೇಡಿ.

ಪ್ರಶ್ನೆ: ಮುಳ್ಳೇರಿಯದ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ. ನಮ್ಮ ಲ್ಯಾಬಿನಲ್ಲಿ ವಿಂಡೋಸ್ ಅಲ್ಲ, ಕೇರಳದ ಶಾಲೆಗಳಿಗಾಗಿ ಮಾಡಿದ ಕೈಟ್ ಲಿನಕ್ಸ್ ಇದೆ. ನಮಗೂ ಇಂಥದ್ದು ಬೇಕಾ? ದುಂಡು ಪ್ಲಗ್ಗಿನ ಹಳೆಯ ಕೀಬೋರ್ಡುಗಳೂ ಬಿದ್ದಿವೆ.

ಉತ್ತರ: ಬೇಡ ಮೇಡಂ. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸವೇ ಸಿಗುತ್ತದೆ. ಭಾಷೆಗಳನ್ನು ಟೈಪ್ ಮಾಡಲು ಲಿನಕ್ಸ್‌ನಲ್ಲಿರುವ ಐಬಸ್ ಎಂಬ ವ್ಯವಸ್ಥೆಯ ಎಂ17ಎನ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ನೋಡಿ, ಪಟ್ಟಿಯೇ ಕಾಣದಿದ್ದರೆ ಆ ಪ್ಯಾಕೇಜ್ ಹಾಕಿಸಿ. ಅಡಾಪ್ಟರಿಗಿಂತ ಅದು ಎಷ್ಟೋ ವಾಸಿ, ಬ್ಯಾಕ್‌ಸ್ಪೇಸ್, ಮೌಸ್ ರಗಳೆ ಇಲ್ಲ.

ಹಳೆಯ ಕೀಬೋರ್ಡುಗಳು ಪಿಎಸ್/2 (ಯುಎಸ್‌ಬಿಗಿಂತ ಹಿಂದಿನ ಬಗೆ) ಇರಬೇಕು. ಅಂಗಡಿಯಲ್ಲಿ ಸಿಗುವ ಪುಟ್ಟ ನೇರಳೆ ಪ್ಲಗ್ಗಿನಲ್ಲಿ ಬರೀ ತಂತಿ ಇರುತ್ತದೆ. ಪಿಎಸ್/2, ಯುಎಸ್‌ಬಿ ಎರಡೂ ಕ್ರಮ ಬಲ್ಲ ಕೀಬೋರ್ಡಿಗೆ ಮಾತ್ರ ಅದು ಆಗುತ್ತದೆ, ನಿಮ್ಮವಕ್ಕಲ್ಲ. ಇವಕ್ಕೆ ಚಿಪ್ ಇರುವ ಅಡಾಪ್ಟರೇ ಬೇಕು. ಮಕ್ಕಳಿಂದಲೇ ಮಾಡಿಸುವುದಾದರೆ ಪ್ರೊ ಮೈಕ್ರೊ ಎಂಬ ಆರ್ಡುಯಿನೊ ಮಾದರಿಯ ಪುಟ್ಟ ಬೋರ್ಡ್, 5 ವೋಲ್ಟಿನದು, ತರಿಸಿ. ಆರ್ಡುಯಿನೊ ಊನೊದ ಹಳೆಯ ಮಾದರಿ (ಆರ್3) ಬೇಡ, ಅದರ ಮುಖ್ಯ ಚಿಪ್ಪಿಗೆ ಯುಎಸ್‌ಬಿ ಕೀಬೋರ್ಡಿನಂತೆ ವರ್ತಿಸಲು ಬರುವುದಿಲ್ಲ. ಕರೆಂಟ್ ಇರುವಾಗ ದುಂಡು ಪ್ಲಗ್ ಕೀಳುವುದು, ಹಾಕುವುದು ಮಾತ್ರ ಮಾಡಿಸಬೇಡಿ.