ಪೈಥಾನ್‌ಪಾತ್‌ನಲ್ಲಿ ಏನು ಬರೆಯಬೇಕು? ಏನೂ ಬರೆಯಬೇಡಿ

ಕಾರವಾರದ ಬೈತ್‌ಕೋಲ್ ಬಂದರಿನ ಮೀನಿನ ಲೆಕ್ಕಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೀರಿ. ಕೋಷ್ಟಕಗಳ ಲೆಕ್ಕ ಮಾಡುವ ಪಾಂಡಾಸ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದ್ದೀರಿ, ಆದರೂ ಓಡಿಸಿದರೆ 'ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್' ಅನ್ನುತ್ತೆ. ಪೈಥಾನ್‌ಪಾತ್‌ನಲ್ಲಿ (ಪೈಥಾನ್ ಇನ್ನೂ ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಸೆಟ್ಟಿಂಗಿನಲ್ಲಿ) ಯಾವ ಫೋಲ್ಡರ್ ಬರೆಯಬೇಕು, ಇಲ್ಲ ವಿಂಡೋಸನ್ನೇ ಹೊಸದಾಗಿ ಹಾಕಿಸಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಪೈಥಾನ್‌ಪಾತ್‌ನಲ್ಲಿ ಈಗಾಗಲೇ ಏನಾದರೂ ಬರೆದಿದ್ದರೆ ಇವತ್ತೇ ಅಳಿಸಿ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ನಾನು ಆಗ ಶಿರಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಅಡಿಕೆ ಟೆಂಡರ್ ಮುಗಿದ ಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಒಂದೊಂದಕ್ಕೂ ಬೇರೆ ಬೇರೆ ದರ ಬರುತ್ತೆ. ಒಬ್ಬೊಬ್ಬ ಬೆಳೆಗಾರರ ತೂಕಕ್ಕೆ ಆ ದರ ಹಾಕಿ, ಹಮಾಲಿ, ಮುಂಗಡ ಎಲ್ಲ ಕಳೆದು ಪಟ್ಟಿ ಮಾಡಿಕೊಡಬೇಕು. ಅದನ್ನು ಕೈಯಲ್ಲಿ ಬರೆಯುವುದು ತಪ್ಪಲಿ ಅಂತ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ.

ಆ ಕಂಪ್ಯೂಟರ್‌ನಲ್ಲಿ ಹಳೆಯ ಪೈಥಾನ್ 3.8 ಮೊದಲೇ ಇತ್ತು. ನಾನು 3.11 ಹಾಕಿಕೊಂಡೆ. ಆಮೇಲೆ 'ಪಿಪ್ ಇನ್‌ಸ್ಟಾಲ್' (ಪಿಪ್ ಅಂದರೆ ಪೈಥಾನ್ ಪ್ಯಾಕೇಜ್ ಇಳಿಸಿಕೊಡುವ ಕಮಾಂಡು) ಅಂತ ಕೊಟ್ಟು, ಎಕ್ಸೆಲ್ ಫೈಲ್ ಓದಿ ಬರೆಯುವ ಓಪನ್‌ಪೈಎಕ್ಸ್‌ಎಲ್, ಪಾಂಡಾಸ್ ಎರಡನ್ನೂ ಇಳಿಸಿದೆ. ಪಾತ್‌ನಲ್ಲಿ (ವಿಂಡೋಸ್ ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ, ಪೈಥಾನ್‌ಪಾತ್ ಬೇರೆ) ಮೊದಲು ಸಿಗುತ್ತಿದ್ದದ್ದು 3.8ರ ಪಿಪ್. ಹಾಗಾಗಿ ಎರಡೂ ಹೋಗಿ ಕೂತದ್ದು 3.8ರ ಫೋಲ್ಡರಿನಲ್ಲಿ. ಆದರೆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸಿನ ಪೈ ಲಾಂಚರ್ ಇದ್ದದ್ದರಲ್ಲಿ ಹೊಸ ಪೈಥಾನನ್ನು ಎಬ್ಬಿಸುತ್ತೆ. ಅದರ ಹತ್ತಿರ ಏನೂ ಇಲ್ಲ. ಅಲ್ಲಿಂದ ಬಂತು 'ನೋ ಮಾಡ್ಯೂಲ್'. ನಿಮ್ಮದೂ ಬಹುಪಾಲು ಇದೇ ಕಥೆ.

ಆಗ ನಾನು ವಿಂಡೋಸಿನ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ (ಪಾತ್ ತರಹದ ಸೆಟ್ಟಿಂಗುಗಳ) ವಿಂಡೋ ತೆಗೆದು, ಪೈಥಾನ್‌ಪಾತ್ ಅಂತ ಹೊಸದೊಂದು ಮಾಡಿ, 3.8ರ ಸೈಟ್-ಪ್ಯಾಕೇಜಸ್ (ಪಿಪ್ ಇಳಿಸಿದ್ದು ಕೂರುವ) ಫೋಲ್ಡರಿನ ವಿಳಾಸವನ್ನು ಅದರಲ್ಲಿ ಅಂಟಿಸಿದೆ. ಪ್ರೋಗ್ರಾಂ ಓಡಿತು! ಓಪನ್‌ಪೈಎಕ್ಸ್‌ಎಲ್ ಪೂರ್ತಿ ಪೈಥಾನ್‌ನಲ್ಲೇ ಬರೆದದ್ದು, 3.8ಕ್ಕೆ ಇಳಿಸಿದ್ದಾದರೂ 3.11ಕ್ಕೆ ಅಡ್ಡಿಯಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡು ಆ ಸಾಲನ್ನು ಮರೆತೇಬಿಟ್ಟೆ. ನಾನು ಮಾಡಿದ ತಪ್ಪು ಇದೇ, ಇದೊಂದೇ. ಅದು ಕೆಲಸ ಮಾಡಿದ್ದೇ ನನಗೆ ಮುಳುವಾಯಿತು.

ಕೊಯ್ಲು ಮುಗಿದು ಅಡಿಕೆ ಜೋರಾಗಿ ಪೇಟೆಗೆ ಬರುವ ಹೊತ್ತಿಗೆ, ಬೇಗ ಲೆಕ್ಕ ಆಗಲಿ ಅಂತ ಪ್ರೋಗ್ರಾಮಿಗೆ ಪಾಂಡಾಸ್ ಸೇರಿಸಿದೆ. ಈಗ ಬೇರೆಯೇ ಎರರ್: ನಮ್‌ಪೈಯ ಸಿ-ಎಕ್ಸ್‌ಟೆನ್ಷನ್ಸ್ ಇಂಪೋರ್ಟ್ ಆಗಲಿಲ್ಲ ಅಂತ. ಪಾಂಡಾಸ್ ನಿಂತಿರುವುದು ನಮ್‌ಪೈ ಅನ್ನುವ ಗಣಿತದ ಪ್ಯಾಕೇಜ್ ಮೇಲೆ, ನಮ್‌ಪೈಯ ಒಳಗಿರುವುದು ಕಂಪೈಲ್ ಆದ ಫೈಲುಗಳು. ಅವುಗಳ ಹೆಸರಿನಲ್ಲೇ 'ಸಿಪಿ38' ಅಂತ ಇರುತ್ತೆ. 3.8ಕ್ಕೆ ಮಾಡಿದ್ದನ್ನು 3.11 ಮುಟ್ಟುವುದಿಲ್ಲ.

ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅಂದರೆ ಪಿಪ್ 'ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್ಫೈಡ್' ಅಂದಿತು. ಯಾಕೆಂದರೆ ಪಿಪ್ ಕೂಡ ಪೈಥಾನ್ ಹುಡುಕುವ ದಾರಿಯಲ್ಲೇ ನೋಡುತ್ತೆ, ಆ ದಾರಿಯಲ್ಲಿ ನಾನೇ ಅಂಟಿಸಿದ ಹಳೆಯ ಫೋಲ್ಡರ್ ಇದೆ, ಅಲ್ಲಿ ಪಾಂಡಾಸ್ ಇದೆ. ಪೈಥಾನನ್ನೇ ತೆಗೆದು ಮತ್ತೆ ಹಾಕಿದೆ. ಹೋಗಲಿಲ್ಲ. ಪೈಥಾನ್ ತೆಗೆದರೆ ನಾವು ಕೈಯಾರೆ ಮಾಡಿದ ಎನ್ವಿರಾನ್‌ಮೆಂಟ್ ವೇರಿಯಬಲ್ ಹೋಗುವುದಿಲ್ಲ, ಅದು ವಿಂಡೋಸಿನ ಹತ್ತಿರ ಹಾಗೇ ಇರುತ್ತೆ. ವರ್ಚುವಲ್ ಎನ್ವಿರಾನ್‌ಮೆಂಟ್ (ವಿಎನ್ವ್, ಒಂದು ಕೆಲಸಕ್ಕೆ ಅಂತ ಬೇರೆಯಾಗಿ ಇಡುವ ಪೈಥಾನ್ ಫೋಲ್ಡರ್) ಮಾಡಿದೆ. ಅಲ್ಲೂ ಅದೇ ಎರರ್. ಇದು ತುಂಬಾ ಜನಕ್ಕೆ ಗೊತ್ತಿಲ್ಲ: ವಿಎನ್ವ್ ಒಳಗೆ ಕೂತರೂ ಪೈಥಾನ್‌ಪಾತ್ ನಮ್ಮ ಜೊತೆಗೇ ಬರುತ್ತೆ.

ಮಾಲೀಕರು ಬಂದು "ಎಂತಾ ಆತೋ ತಮಾ, ಪಟ್ಟಿ ಎಲ್ಲಿ?" ಅಂದರು. ಹೊರಗೆ ಬೆಂಚಿನ ಮೇಲೆ ಬೆಳೆಗಾರರು ಕೂತಿದ್ದರು, ಅವರಿಗೆ ಸಂಜೆ ಬಸ್ಸು ಹಿಡಿಯಬೇಕು. ಕೈಯಲ್ಲೇ ಬರೆದು ಕೊಟ್ಟೆವು. ಆ ಸೀಸನ್ ಮುಗಿಯುವವರೆಗೂ ಕೈಯಲ್ಲೇ ಬರೆದೆವು. ನನ್ನ ಪ್ರೋಗ್ರಾಂ ಮೇಲೆ ಅವರಿಗೆ ಮತ್ತೆ ನಂಬಿಕೆ ಬರಲಿಲ್ಲ.

ಕೊನೆಗೆ ಕಾರಣ ಸಿಕ್ಕಿದ್ದು ಪೈಥಾನನ್ನೇ ಕೇಳಿದಾಗ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪೈ ಡ್ಯಾಶ್ ಎಂ ಸೈಟ್' ಅಂತ ಕೊಟ್ಟೆ. (ಕಮಾಂಡುಗಳನ್ನು ಓದುವ ಹಾಗೆ ಬರೆದಿದ್ದೇನೆ, ಡ್ಯಾಶ್ ಅಂದರೆ ಅಡ್ಡಗೆರೆ, ಡಾಟ್ ಅಂದರೆ ಚುಕ್ಕಿ.) ಸಿಸ್ ಡಾಟ್ ಪಾತ್ ಅನ್ನುವ ಪಟ್ಟಿ ಬಂತು. ಮೊದಲ ಸಾಲು ನಾನು ನಿಂತಿದ್ದ ಫೋಲ್ಡರ್. ಎರಡನೆಯ ಸಾಲಿನಲ್ಲಿ ಪೈಥಾನ್38, ಲಿಬ್, ಸೈಟ್-ಪ್ಯಾಕೇಜಸ್. ಅದರ ಕೆಳಗಿನ ಸಾಲುಗಳೆಲ್ಲ ಪೈಥಾನ್311. ಹನ್ನೊಂದರ ಪಟ್ಟಿಯ ನಡುವೆ ಒಂದು ಮೂವತ್ತೆಂಟು ಕಣ್ಣಿಗೆ ಕುಕ್ಕುವ ಹಾಗೆ ಕೂತಿತ್ತು.

ಪೈಥಾನ್ ಹುಡುಕುವ ಕ್ರಮ ಹೀಗೆ. ಮೊದಲು ನೀವು ಓಡಿಸಿದ ಫೈಲ್ ಇರುವ ಫೋಲ್ಡರ್ (ಡ್ಯಾಶ್ ಎಂ ಕೊಟ್ಟಾಗ ನೀವು ನಿಂತಿರುವ ಫೋಲ್ಡರ್). ಆಮೇಲೆ ಪೈಥಾನ್‌ಪಾತ್. ಆಮೇಲೆ ಪೈಥಾನ್ ಜೊತೆ ಬಂದ ಲೈಬ್ರರಿ. ಪಿಪ್ ಇಳಿಸಿದ್ದು ಇರುವ ಸೈಟ್-ಪ್ಯಾಕೇಜಸ್ ಕಡೆಯದು. ಮೊದಲು ಎಲ್ಲಿ ಹೆಸರು ಸಿಕ್ಕಿತೋ ಅಲ್ಲೇ ನಿಲ್ಲುತ್ತೆ, ಮುಂದೆ ನೋಡುವುದಿಲ್ಲ. ಶಿರಸಿ ಕಡೆ ಹಳ್ಳಿಗೆ ಬಂದು ಹೆಗಡೆಯವರ ಮನೆ ಅಂತ ಕೇಳಿ, ಮೊದಲು ಸಿಕ್ಕ ಹೆಗಡೆಯವರ ಮನೆ ಜಗಲಿಯಲ್ಲೇ ಕೂತ ಹಾಗೆ. ಅದಕ್ಕೇ ನಿಮ್ಮ ಫೈಲಿಗೆ ರಾಂಡಮ್ ಡಾಟ್ ಪಿವೈ, ಸಿಎಸ್‌ವಿ ಡಾಟ್ ಪಿವೈ ಅಂತೆಲ್ಲ ಹೆಸರಿಡಬೇಡಿ. ಪೈಥಾನಿನ ಸ್ವಂತ ಸಿಎಸ್‌ವಿ ಬದಲು ನಿಮ್ಮ ಫೈಲೇ ಅದಕ್ಕೆ ಸಿಗುತ್ತೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. 'ಪೈ ಡ್ಯಾಶ್ ಇ' ಅಂತ ಬರೆದು (ಇ ದೊಡ್ಡಕ್ಷರ) ಮುಂದೆ ನಿಮ್ಮ ಫೈಲ್ ಹೆಸರು ಕೊಟ್ಟು ಓಡಿಸಿ. ಹೀಗೆ ಕೊಟ್ಟರೆ ಪೈಥಾನ್‌ಪಾತ್, ಪೈಥಾನ್‌ಹೋಮ್ ತರಹದವನ್ನು ಅದು ಓದುವುದೇ ಇಲ್ಲ. ಎರರ್ ಹೋಯಿತು ಅಥವಾ ಬದಲಾಯಿತು ಅಂದರೆ ಕಳ್ಳ ಅಲ್ಲೇ ಇದ್ದಾನೆ. ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ವಿಂಡೋದಲ್ಲಿ ಮೇಲಿನ ಯೂಸರ್ ಭಾಗ, ಕೆಳಗಿನ ಸಿಸ್ಟಮ್ ಭಾಗ ಎರಡರಲ್ಲೂ ನೋಡಿ ಅಳಿಸಿ. ತೆರೆದಿರುವ ಕಪ್ಪು ವಿಂಡೋಗೆ ಈ ಬದಲಾವಣೆ ಗೊತ್ತಾಗುವುದಿಲ್ಲ. ಅದನ್ನು ಮುಚ್ಚಿ ಹೊಸದು ತೆಗೆಯಿರಿ. ವಿಎಸ್ ಕೋಡ್ ಬಳಸುತ್ತಿದ್ದರೆ ಅದನ್ನೂ ಪೂರ್ತಿ ಮುಚ್ಚಿ.

ಆಮೇಲೆ 'ವೇರ್ ಪೈಥಾನ್' ಕೊಟ್ಟರೆ ಪಾತ್‌ನಲ್ಲಿ ಎಷ್ಟು ಪೈಥಾನ್ ಇವೆ ಅಂತ ಸಾಲಾಗಿ ತೋರಿಸುತ್ತೆ. ಪವರ್‌ಶೆಲ್‌ನಲ್ಲಾದರೆ ವೇರ್ ಡಾಟ್ ಎಕ್ಸ್‌ಇ ಅಂತಲೇ ಬರೆಯಬೇಕು, ಬರೀ ವೇರ್ ಅಲ್ಲಿ ಬೇರೆ ಕಮಾಂಡು. ಬೇಡದ ಪೈಥಾನ್ ತೆಗೆದುಹಾಕಿ. ಪಾತ್ ತಿದ್ದಬೇಕಾದರೂ ಆ ವಿಂಡೋದಲ್ಲೇ ತಿದ್ದಿ. ಸೆಟ್‌ಎಕ್ಸ್ ಕಮಾಂಡ್ ಕೊಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು 1024 ಅಕ್ಷರ ದಾಟಿದ್ದನ್ನು ಕತ್ತರಿಸುತ್ತೆ, ಉದ್ದದ ಪಾತ್ ಇದ್ದರೆ ಬಾಲ ಹೋದಂತೆಯೇ.

ಇನ್ನು ಮುಂದೆ ಬರೀ 'ಪಿಪ್ ಇನ್‌ಸ್ಟಾಲ್' ಅನ್ನುವುದನ್ನು ಬಿಟ್ಟೇಬಿಡಿ. ಮೀನಿನ ಲೆಕ್ಕದ ಫೋಲ್ಡರಿನಲ್ಲಿ ಒಂದು ವಿಎನ್ವ್ ಮಾಡಿ, ಅದನ್ನು ಆಕ್ಟಿವೇಟ್ ಮಾಡಿ, 'ಪೈಥಾನ್ ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್' ಕೊಡಿ. ಆ ಕಮಾಂಡಿಗೆ ಯಾವ ಪೈಥಾನ್ ಓಡುತ್ತೋ ಅದಕ್ಕೇ ಪಾಂಡಾಸ್ ಸೇರುತ್ತೆ, ಅನುಮಾನವೇ ಇಲ್ಲ. ಪ್ರೋಗ್ರಾಮನ್ನೂ ಡಬಲ್ ಕ್ಲಿಕ್ ಮಾಡದೆ ಅದೇ ಪೈಥಾನ್‌ನಲ್ಲಿ ಓಡಿಸಿ. ವಿಎನ್ವ್ ಪೈಥಾನಿನ ಜೊತೆಗೇ ಬರುತ್ತೆ, 3.3ರಿಂದಲೂ ಇದೆ, ಬೇರೆ ಏನೂ ಇಳಿಸಬೇಕಿಲ್ಲ. ಪೈಥಾನ್‌ಪಾತ್‌ಗೆ ಉಪಯೋಗವೇ ಇಲ್ಲ ಅಂತಲ್ಲ, ಆದರೆ ಕಂಪ್ಯೂಟರಿಗೆಲ್ಲ ಕಾಯಂ ಆಗಿ ಹಾಕಿಡುವುದು ನನ್ನ ಪ್ರಕಾರ ತಪ್ಪು.

ಬಂಗಡೆ ದರದ ಫೈಲೂ ಕೆಲವೊಮ್ಮೆ ಸಿಗುವುದಿಲ್ಲ ಅಂತ ಕೊನೆಯಲ್ಲಿ ಬರೆದಿದ್ದೀರಲ್ವಾ, ಅದಕ್ಕೂ ಪಾತ್‌ಗೂ ಸಂಬಂಧ ಇಲ್ಲ. ಫೈಲ್ ತೆರೆಯುವ ಓಪನ್‌ಗೆ ಬರೀ ಫೈಲ್ ಹೆಸರು ಕೊಟ್ಟರೆ ಅದು ಯಾವ ಪಟ್ಟಿಯನ್ನೂ ಹುಡುಕುವುದಿಲ್ಲ. ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿ ನಿಂತು ಓಡುತ್ತಿದೆಯೋ ಅಲ್ಲಿ ಮಾತ್ರ ನೋಡುತ್ತೆ. ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ತಾನೇ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಸ್ಟಾರ್ಟ್ ಇನ್' ಖಾಲಿ ಬಿಟ್ಟರೆ ಅದು ಸಿಸ್ಟಮ್32 ಫೋಲ್ಡರಿನಲ್ಲಿ ನಿಲ್ಲುತ್ತೆ, ಅಲ್ಲಿ ನಿಮ್ಮ ಬಂಗಡೆ ಎಲ್ಲಿಂದ ಬರಬೇಕು? ಆ ಜಾಗದಲ್ಲಿ ನಿಮ್ಮ ಫೋಲ್ಡರಿನ ವಿಳಾಸ ಬರೆಯಿರಿ.

ಇಷ್ಟಾದ ಮೇಲೂ ಅದೇ ಎರರ್ ಬಂದರೆ 'ಪೈಥಾನ್ ಡ್ಯಾಶ್ ಎಂ ಸೈಟ್' ಕೊಟ್ಟಾಗ ಬರುವ ಪೂರ್ತಿ ಪಟ್ಟಿಯನ್ನು, ಒಂದು ಸಾಲನ್ನೂ ಬಿಡದೆ, ಕೆಳಗೆ ಹಾಕಿ. ನಾನು ನೋಡಿ ಹೇಳುತ್ತೇನೆ.